ಶಿರೂರಿನ ಹಿತ್ತಲ ಕೊಳ, ಶಹಾಬಾದಿನ ಹಾಸುಗಲ್ಲು

ಶಿರೂರಿನಲ್ಲಿ ಮನೆ ಕಟ್ಟಿದ್ದೇವೆ ಅಂದರೆ ನಮ್ಮವರು ಮೊದಲು ಕೇಳುವುದು ‘ಯಾವ ಶಿರೂರು?’ ಎಂದು. ಉಡುಪಿ ಕಡೆಯವರಿಗೆ ಅಷ್ಟಮಠಗಳ ಪೈಕಿಯ ಶಿರೂರು, ಬಾಗಲಕೋಟೆಯವರಿಗೆ ಅವರದ್ದೇ ಒಂದು ಶಿರೂರು. 2024ರ ಜುಲೈನಲ್ಲಿ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ‘ನೀವು ಹುಷಾರಾಗಿದ್ದೀರಾ?’ ಎಂದು ಮೂರ್ನಾಲ್ಕು ಮಂದಿ ಫೋನ್ ಮಾಡಿದ್ದರು. ನಮ್ಮದು ಪುಣೆ ಜಿಲ್ಲೆಯ ಶಿರೂರು. ಪುಣೆಯಿಂದ ನಗರಕ್ಕೆ (ಈಗ ಅಹಿಲ್ಯಾನಗರ) ಹೋಗುವ ರಸ್ತೆಯಲ್ಲಿ ಸುಮಾರು 65 ಕಿಲೋಮೀಟರ್ ದೂರ, ಘೋಡ ನದಿಯ ದಂಡೆ. ಹಳಬರು ಊರನ್ನೇ ‘ಘೋಡನದಿ’ ಎನ್ನುತ್ತಾರೆ. ಒಂದು ಕಾಲಕ್ಕೆ ಇಲ್ಲಿ ಇಂಗ್ಲಿಷರ ದಂಡು ಬೀಡುಬಿಟ್ಟಿತ್ತು. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯದೊಂದಿಗೆ ಕಾದಿದ ತುಕಡಿ ಹಿಂದಿನ ರಾತ್ರಿ ಹೊರಟದ್ದು ಈ ಊರಿನಿಂದಲೇ. ಈಗ ಆ ರಸ್ತೆಯ ತುಂಬ ರಾಂಜಣಗಾಂವದ ಕಾರ್ಖಾನೆಗಳಿಗೆ ಹೋಗುವ ಬಸ್ಸುಗಳು, ರಾಂಜಣಗಾಂವದ ಮಹಾಗಣಪತಿಗೆ ಹೋಗುವ ಕಾರುಗಳು, ಮತ್ತು ವಾರಾಂತ್ಯಕ್ಕೆ ‘ಸ್ವಿಮಿಂಗ್ ಪೂಲ್ ಇರುವ ಫಾರ್ಮ್‌ಹೌಸ್ ಬಾಡಿಗೆಗೆ’ ಎಂಬ ಬೋರ್ಡುಗಳು.

ಆ ಬೋರ್ಡುಗಳನ್ನು ನೋಡಿದಾಗಲೆಲ್ಲ ನನಗೆ ಒಂದು ಥರ ಮುಜುಗರ. ಶಿರೂರು ಮಳೆನೆರಳಿನ ತಾಲ್ಲೂಕು. ಲೋಣಾವಳಾದಲ್ಲಿ ನಾಲ್ಕು ಸಾವಿರ ಮಿ.ಮೀ. ಸುರಿದ ವರ್ಷವೂ ಇಲ್ಲಿ ಐನೂರು ಮಿ.ಮೀ. ಆಸುಪಾಸಿಗೆ ಮಳೆಗಾಲ ಮುಗಿದಿರುತ್ತದೆ. ನದಿಗೆ ಹತ್ತಿರ ಇರುವವರಿಗೆ ಕಬ್ಬು, ದೂರ ಇರುವವರಿಗೆ ಸಜ್ಜೆ, ಈರುಳ್ಳಿ, ಮತ್ತು ಏಪ್ರಿಲ್‌ನಲ್ಲಿ ಟ್ಯಾಂಕರಿನ ಹಾದಿ ಕಾಯುವುದು. ಅಂಥ ಊರಿನಲ್ಲಿ ಹನ್ನೆರಡು ಗುಂಟೆ ಜಾಗದ ಹಿತ್ತಲಿನಲ್ಲಿ ಈಜುಕೊಳ ತೋಡಿಸುವುದೆಂದರೆ? ನಮ್ಮ ಯಜಮಾನರು ಈ ಪ್ರಶ್ನೆಯನ್ನು ನನಗಿಂತ ಮೊದಲೇ ಕೇಳಿದ್ದರು. ಕೊಳ ಬೇಕು ಅಂದವಳು ನಾನು.

ಕಾರಣ ವಿಜಯಪುರದ್ದು. ನಾನು ಬೆಳೆದ ಓಣಿಯಿಂದ ತಾಜ್ ಬಾವಡಿ ನಡೆದು ಹೋಗುವಷ್ಟು ದೂರ. 1620ರಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ್ದು. ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿನ ಬಾವಿ ಎನ್ನುತ್ತಾರೆ. ರಾಣಿಯ ಹೆಸರಿನ ಬಾವಿ, ಆದರೆ ಅದಕ್ಕೆ ಜಿಗಿಯುತ್ತಿದ್ದವರೆಲ್ಲ ಗಂಡುಹುಡುಗರು. ಅಜ್ಜನ ಊರಿನ ಹೊಲದ ಬಾವಿಯಲ್ಲೂ ಅಷ್ಟೇ. ಬೇಸಿಗೆ ಸೂಟಿ ಬಂತೆಂದರೆ ಅಣ್ಣಂದಿರ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಕಾಕಾ ಒಬ್ಬೊಬ್ಬರನ್ನೇ ನೀರಿಗೆ ನೂಕುತ್ತಿದ್ದ. ‘ಈಸು ಬೀಳೋದು’ ಅಂತಿದ್ದೆವು ಅದಕ್ಕೆ. ನಾವು ಹೆಣ್ಣುಮಕ್ಕಳು ಬಾವಿಯ ಕಟ್ಟೆ ಮೇಲೆ ಕೂತು ಅವರ ಒಣ ಚಡ್ಡಿ, ಅಂಗಿ ಕಾಯುವವರು. ‘ನೀನು ಯಾಕ ಈಸಬೇಕು? ಮದುವಿ ಆದ ಮ್ಯಾಲೆ ಬಾವ್ಯಾಗ ಬೀಳಾಕಿ ಏನು?’ ಎಂದು ಅಜ್ಜಿ ನಗುತ್ತಿದ್ದಳು. ಆ ನಗೆಯ ಒಳಗೆ ಏನಿತ್ತು ಅನ್ನುವುದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಐವತ್ಮೂರನೆಯ ವಯಸ್ಸಿಗೆ ಮೊಣಕಾಲಿನ ಡಾಕ್ಟರು ‘ನೀರಿನಲ್ಲಿ ನಡೆಯಿರಿ, ಈಜು ಬಂದರೆ ಈಜಿ’ ಎಂದಾಗ ನನಗೆ ಥಟ್ಟನೆ ಕಾಣಿಸಿದ್ದು ಆ ಬಾವಿಯ ಕಟ್ಟೆ.

ಆದರೂ ನೀರಿನ ಲೆಕ್ಕ ಹಾಕದೆ ಮುಂದೆ ಹೋಗಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು. ಮೊದಲು ಬಂದ ಕಂಪನಿಯ ಹುಡುಗ ಹುರುಳಿಬೀಜದ ಆಕಾರದ ಎಪ್ಪತ್ತು ಸಾವಿರ ಲೀಟರಿನ ಕೊಳದ ಬಣ್ಣದ ಚಿತ್ರ ತೋರಿಸಿದ. ನೀರು ಎಲ್ಲಿಂದ ಅಂದರೆ, ‘ಟ್ಯಾಂಕರ್ ಹೈ ನಾ, ಮೇಡಂ’ ಅಂದ. ಚಹಾ ಕೊಟ್ಟು ಕಳಿಸಿದೆವು.

ನಮ್ಮ ಲೆಕ್ಕ ಹೀಗೆ. ಕೊಳ 6 ಮೀಟರ್ ಉದ್ದ, 3 ಮೀಟರ್ ಅಗಲ, ಸರಾಸರಿ ಆಳ 1.2 ಮೀಟರ್. ಅಂದರೆ 21,600 ಲೀಟರ್. ಮನೆಯ ತಾರಸಿ 120 ಚದರ ಮೀಟರ್, ಐನೂರು ಮಿ.ಮೀ. ಮಳೆಯಲ್ಲಿ ಐದರಲ್ಲಿ ಒಂದು ಪಾಲು ಪೋಲಾಯಿತು ಅಂದುಕೊಂಡರೂ 48,000 ಲೀಟರ್ ಸಿಗುತ್ತದೆ. ಕೊಳ ತುಂಬುವುದು ದೊಡ್ಡ ಮಾತಲ್ಲ, ಉಳಿಸಿಕೊಳ್ಳುವುದೇ ದೊಡ್ಡದು. ಬೇಸಿಗೆಯ ಬಿಸಿಲು, ಗಾಳಿಗೆ ತೆರೆದ ನೀರು ದಿನಕ್ಕೆ 8 ಮಿ.ಮೀ. ಆರುತ್ತದೆ ಎಂದು ಹಿಡಿದರೆ 18 ಚದರ ಮೀಟರಿಗೆ 144 ಲೀಟರ್, ಹೆಚ್ಚುಕಡಿಮೆ ಹತ್ತು ಕೊಡ. ನವೆಂಬರಿನಿಂದ ಮೇವರೆಗೆ ಏಳು ತಿಂಗಳು, ಚಳಿಗಾಲದ ದಿನಗಳನ್ನೂ ಸೇರಿಸಿ ಸರಾಸರಿ ಐದೂವರೆ ಮಿ.ಮೀ. ಅಂದರೆ 21,000 ಲೀಟರ್. ಕೊಳದಲ್ಲಿ ಎಷ್ಟಿದೆಯೋ ಅಷ್ಟೇ ನೀರು ಮಳೆ ಇಲ್ಲದ ತಿಂಗಳುಗಳಲ್ಲಿ ಆಕಾಶಕ್ಕೆ ಹೋಗುತ್ತದೆ! ಮೇಲೆ ಹೊದಿಕೆ ಹಾಕಿದರೆ ಇದು ಅರ್ಧಕ್ಕೂ ಕಡಿಮೆಯಾಗುತ್ತದೆ. ಹಾಗಾಗಿ ಕೊಳ ಆಯತಾಕಾರದ್ದೇ ಆಗಬೇಕಾಯಿತು. ಹುರುಳಿಬೀಜಕ್ಕೆ ಹೊದಿಕೆ ಹೊಂದಿಸುವುದು ಕಷ್ಟ. ಉಳಿದ ಹತ್ತು ಸಾವಿರಕ್ಕೆ ಒಂದು ಟಾಕಿ. ಅದನ್ನು ಫೆರೊಸಿಮೆಂಟಿನಲ್ಲಿ ಕಟ್ಟಿಕೊಟ್ಟದ್ದು ಪಾಬಳದಲ್ಲಿ ಕಲಿತು ಬಂದ ಒಬ್ಬ ಹುಡುಗ. ಪಾಬಳ ನಮ್ಮ ತಾಲ್ಲೂಕಿನದೇ ಹಳ್ಳಿ. ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ಅಲ್ಲಿ ವಿಜ್ಞಾನ ಆಶ್ರಮ ಶುರು ಮಾಡಿದರು. ಶಾಲೆ ಬಿಟ್ಟ ಮಕ್ಕಳು ಅಲ್ಲಿ ಕೈಯಿಂದ ಮಾಡಿ ಮಾಡಿ ಕಲಿಯುತ್ತಾರೆ. ಮಸ್ತಾನಿಯ ಗೋರಿ ಇರುವುದೂ ಅದೇ ಊರಿನಲ್ಲಿ. ಬಂದವರು ಗೋರಿ ನೋಡಿ ಹೋಗುತ್ತಾರೆ, ಆಶ್ರಮ ನೋಡದೆ.

ಇನ್ನೊಂದು ನಿರ್ಧಾರವೂ ಈ ಲೆಕ್ಕದಿಂದಲೇ ಬಂತು. ಮರಳಿನ ಫಿಲ್ಟರನ್ನು ಆಗಾಗ ಹಿಮ್ಮುಖವಾಗಿ ತೊಳೆಯಬೇಕು, ಪ್ರತಿ ಸಲ ನೂರಾರು ಲೀಟರ್ ಚರಂಡಿಗೆ. ಕಾರ್ಟ್ರಿಡ್ಜ್ ಫಿಲ್ಟರನ್ನು ಹೊರತೆಗೆದು ಬಕೆಟ್ಟಿನಲ್ಲಿ ತೊಳೆದರಾಯಿತು. ಕೆಲಸ ಕಿರಿಕಿರಿಯದು, ನೀರು ಉಳಿಯುತ್ತದೆ.

ಅಗೆಯಲು ಶುರು ಮಾಡಿದ್ದು ಫೆಬ್ರವರಿಯಲ್ಲಿ. ಮೇಲಿನ ನಾಲ್ಕಡಿ ಎರೆಮಣ್ಣು. ನಮ್ಮ ವಿಜಯಪುರದ್ದೇ ಮಣ್ಣು, ನೆಲದ ಮೇಲೆ ಗೆರೆ ಎಳೆದವರು ಯಾರಿದ್ದರೇನು. ಎರೆಮಣ್ಣು ಬೆಳೆಗೆ ತಾಯಿ, ಕಟ್ಟಡಕ್ಕೆ ಮಲತಾಯಿ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಕೊಳ ಎರಡು ವರ್ಷಕ್ಕೆ ಸೀಳುವುದು ಖಂಡಿತ. ಹಾಗಾಗಿ ಅಷ್ಟನ್ನೂ ತೆಗೆದು, ಕೊಳದ ಸುತ್ತ ಒಂದು ಮೀಟರಿನಷ್ಟು ಹೆಚ್ಚಿಗೆ ತೆಗೆದು, ಗರಸು ತುಂಬಿ ಧಮ್ಮಸ್ಸು ಹಾಕಿಸಿದೆವು. ಎರೆಯ ಕೆಳಗೆ ಗರಸು, ಗರಸಿನ ಕೆಳಗೆ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆರಿದ ಬಸಾಲ್ಟ್. ಬ್ರೇಕರ್ ಗಾಡಿಯವನು ಮೊದಲ ದಿನ ಅರ್ಧ ಅಡಿ ಇಳಿದು, ಹಲ್ಲು ಕಡಿದು, ಮರುದಿನ ಗಂಟೆಯ ದರ ಏರಿಸಿದ.

ಇಲ್ಲಿ ಒಂದು ಮಾತು, ಇಂಥದಕ್ಕೆ ಕೈ ಹಾಕುವವರು ನಮ್ಮಲ್ಲಿ ಯಾರಾದರೂ ಇದ್ದರೆ. ಕೊಳ ತುಂಬಿದಾಗ ಒಡೆಯುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಹೆಚ್ಚಿನ ಅಪಾಯ ಖಾಲಿ ಇದ್ದಾಗ. ಕರಿಕಲ್ಲನ್ನು ಕೊರೆದ ಗುಂಡಿ ಒಂದು ಬಟ್ಟಲಿನ ಹಾಗೆ; ಮಳೆನೀರು ಸುತ್ತಲಿನಿಂದ ಜಿನುಗಿ ಆ ಬಟ್ಟಲಿನಲ್ಲಿ ನಿಲ್ಲುತ್ತದೆ. ಆಗ ಕೊಳ ಖಾಲಿ ಇದ್ದರೆ ದೋಣಿಯಂತೆ ಮೇಲಕ್ಕೆ ಏಳಲು ನೋಡುತ್ತದೆ. ತಳಕ್ಕೆ ಜಲ್ಲಿಯ ಹಾಸು, ಅದರಲ್ಲಿ ತೂತಿನ ಪೈಪು, ಕೊಳದ ತಳದಲ್ಲಿ ಒಂದು ಕವಾಟ ಇಡಬೇಕು; ಕೆಳಗಿನ ನೀರಿನ ಒತ್ತಡ ಹೆಚ್ಚಾದರೆ ಅದು ತಾನಾಗಿ ತೆರೆದು ನೀರನ್ನು ಒಳಗೆ ಬಿಡುತ್ತದೆ. ನೀರು ಹಿಡಿಯುವ ಕಾಂಕ್ರೀಟಿಗೆ ನಮ್ಮಲ್ಲಿ ಐಎಸ್ 3370 ಎಂಬ ಪ್ರತ್ಯೇಕ ಮಾನಕವೇ ಇದೆ. ಗುತ್ತಿಗೆದಾರರು ಆ ಸಂಖ್ಯೆ ಕೇಳಿ ಮುಖ ನೋಡಿದರೆ ಬೇರೆಯವರನ್ನು ಹುಡುಕಿ.

ನಮಗೆ ಸಿಕ್ಕ ಮೇಸ್ತ್ರಿ ಕನ್ನಡದವನು, ಸೇಡಂ ಕಡೆಯವನು. ಪುಣೆಯ ಕಟ್ಟಡಗಳ ಮೇಲೆ ಕಲಬುರಗಿ, ಯಾದಗಿರಿಯವರ ಕೈ ಎಷ್ಟಿದೆ ಎಂದು ಇಲ್ಲಿರುವ ನಿಮಗೆ ಹೇಳಬೇಕಿಲ್ಲ. ಯಾವುದೇ ಎತ್ತರದ ಕಟ್ಟಡದ ಕೆಳಗಿನ ತಗಡಿನ ಸಾಲಿಗೆ ಸಂಜೆ ಹೋಗಿ ನಿಂತರೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಮೊದಲ ದಿನ ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದ. ಹೆಂಡತಿಗೆ ‘ಪುಟ್ಟಿ ಇತ್ತಾಗ ತಾ’ ಅಂದಾಗ ನಾನು ಕನ್ನಡ ತೆಗೆದೆ. ಆಮೇಲೆ ನಾನು ‘ಅಕ್ಕಾರ’ ಆದೆ. ಕೆಲಸ ಬೇಗ ಆಯಿತು ಎನ್ನಲಾರೆ, ಚೆನ್ನಾಗಿ ಆಯಿತು. ಒಂದೇ ತೊಂದರೆ ಚಿರತೆಯದ್ದು. ಘೋಡ, ಕುಕಡಿ ದಂಡೆಯ ಕಬ್ಬಿನಲ್ಲಿ ಚಿರತೆಗಳು ಮರಿ ಹಾಕುತ್ತವೆ. ಜುನ್ನರದ ಮಾಣಿಕಡೋಹದಲ್ಲಿ ಹಿಡಿದ ಚಿರತೆಗಳಿಗೆಂದೇ ಒಂದು ಕೇಂದ್ರ ಇದೆ. ಸಂಜೆ ಆರರ ಮೇಲೆ ಕಾಂಕ್ರೀಟಿಗೆ ನೀರು ಹೊಡೆಯಲು ಯಾರೂ ಹೊರಗೆ ಬರಲೊಲ್ಲರು. ಅದಕ್ಕೆ ಮಧ್ಯಾಹ್ನವೇ ಗೋಣಿಚೀಲ ನೆನೆಸಿ ಗೋಡೆಗೆ ಹೊದಿಸಿ, ತಳಕ್ಕೆ ನೀರು ಕಟ್ಟಿ ನಿಲ್ಲಿಸುತ್ತಿದ್ದರು.

ಕೊಳದ ಸುತ್ತಲಿನ ನೆಲಕ್ಕೆ ಆರ್ಕಿಟೆಕ್ಟ್ ‘ಪ್ಯಾಟಿಯೊ’ ಎಂದು ಬರೆದಿದ್ದರು. ಮೇಸ್ತ್ರಿ ನಕ್ಷೆ ತಿರುಗಿಸಿ ನೋಡಿ, ‘ಪರ್ಸಿ ಕಟ್ಟಿ ಅನ್ರಲ್ಲ’ ಅಂದ. ಯಾವ ಕಲ್ಲು ಎಂಬ ಮಾತು ಬಂದಾಗ ಅವನಿಗೆ ಎರಡನೆಯ ಯೋಚನೆಯೇ ಇರಲಿಲ್ಲ. ‘ಶಹಾಬಾದಿ. ನಮ್ಮೂರ ಕಲ್ಲು ಅದ, ಅಕ್ಕಾರ. ನಮ್ಮಪ್ಪ ಖಣಿಯಾಗ ಉಳಿ ಹಿಡದಾವ.’

ಮಹಾರಾಷ್ಟ್ರದಲ್ಲಿ ‘ಶಹಾಬಾದಿ ಫರಶಿ’ ಅನ್ನದ ಮನೆಯಿಲ್ಲ. ಪುಣೆಯ ಹಳೆಯ ವಾಡೆಗಳ ಅಡುಗೆಮನೆ, ಶಾಲೆಗಳ ವರಾಂಡ, ರೈಲ್ವೆ ಪ್ಲಾಟ್‌ಫಾರಂ, ಫುಟ್‌ಪಾತು, ಎಲ್ಲ ಕಡೆ ಆ ಬೂದು-ನೀಲಿ ಕಲ್ಲು. ಅದು ಯಾವ ಶಹಾಬಾದು ಎಂದು ಹಾಸಿಕೊಂಡವರಿಗೆ ಗೊತ್ತಿರುವುದಿಲ್ಲ. ಉತ್ತರದಲ್ಲೆಲ್ಲೋ ಇರಬೇಕು ಅಂದುಕೊಂಡಿರುತ್ತಾರೆ. ಕಲಬುರಗಿಯಿಂದ ವಾಡಿ ಜಂಕ್ಷನ್ನಿಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಬರುವ ಊರು ಅದು. ಕಲ್ಲಿನ ಮನೆ, ಕಲ್ಲಿನ ಬೇಲಿ, ಹೊಲದ ಬದುವಿಗೂ ನಿಲ್ಲಿಸಿದ ಚಪ್ಪಡಿ. 1871ರಲ್ಲಿ ಪುಣೆ–ಸೊಲ್ಲಾಪುರದ ರೈಲುದಾರಿ ರಾಯಚೂರಿನವರೆಗೆ ಬಂದ ಮೇಲೆ ಈ ಕಲ್ಲಿಗೆ ಪಶ್ಚಿಮದ ಪೇಟೆ ತೆರೆಯಿತು. ಭೀಮಾ ಕಣಿವೆಯ ಈ ಸುಣ್ಣಕಲ್ಲು ಪುಸ್ತಕದ ಹಾಳೆಯಂತೆ ಪದರು ಪದರು. ಉಳಿ ಇಟ್ಟು ಸಾಲಾಗಿ ಹೊಡೆದರೆ ಚಪ್ಪಡಿಯಾಗಿ ಏಳುತ್ತದೆ, ಹೆಚ್ಚು ಕೆತ್ತುವುದೇ ಬೇಡ. ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಸಿಕ್ಕ ಬೌದ್ಧ ಸ್ತೂಪದ ಫಲಕಗಳೂ ಸುಣ್ಣಕಲ್ಲಿನವೇ. ‘ರಾಯ ಅಸೋಕ’ ಎಂದು ಹೆಸರು ಕೆತ್ತಿರುವ ಅಶೋಕನ ಶಿಲ್ಪವೂ ಅದರಲ್ಲೇ ಇದೆ. ವಯಸ್ಸಿನಲ್ಲಿ ಈ ಕಲ್ಲು ನಮ್ಮ ಹಿತ್ತಲಿನ ಕರಿಕಲ್ಲಿಗಿಂತ ಬಹಳ ಹಿರಿಯದು. ಕಿರಿಯನ ಹೆಗಲ ಮೇಲೆ ಹಿರಿಯನನ್ನು ಕೂರಿಸಿದಂತಾಯಿತು.

ಕಲ್ಲು ಬರುವ ಮೊದಲು ಒಂದು ಭಾನುವಾರ ಮೇಸ್ತ್ರಿಯ ಸಂಸಾರ, ನಾವು ಎಲ್ಲ ಸೇರಿ ನಿಘೋಜಕ್ಕೆ ಹೋದೆವು. ಶಿರೂರಿಗೆ ಬಂದವರು ತಪ್ಪದೆ ನೋಡಬೇಕಾದ ಜಾಗ. ಕುಕಡಿ ನದಿಯ ಈ ದಂಡೆ ನಮ್ಮ ತಾಲ್ಲೂಕಿನ ಟಾಕಳಿ ಹಾಜಿ, ಆ ದಂಡೆ ಪಾರನೇರದ ನಿಘೋಜ. ನಡುವೆ ಕರಿಕಲ್ಲಿನ ಪಾತ್ರದಲ್ಲಿ ನದಿ ತಾನೇ ಕೊರೆದ ನೂರಾರು ಕುಂಡಗಳು. ಮಳೆಗಾಲದ ಸುಳಿಯಲ್ಲಿ ಸಿಕ್ಕಿದ ಉರುಟುಕಲ್ಲುಗಳು ಒಂದೇ ಕಡೆ ಗರಗರ ತಿರುಗಿ, ಬೀಸುಕಲ್ಲಿನ ಹಾಗೆ ಬಂಡೆಯನ್ನು ಅರೆದು ಅರೆದು ಮಾಡಿದ ಬಾವಿಗಳು. ಕೆಲವು ಕೊಡದಷ್ಟು, ಕೆಲವು ಆಳ ಕಾಣದಷ್ಟು. ಗೋಡೆಗಳು ಪಾಲಿಶ್ ಮಾಡಿದಂತೆ ನುಣುಪು, ಒಳಗೆ ಬಿದ್ದವರಿಗೆ ಹಿಡಿಯಲು ಒಂದು ಅಂಚೂ ಇಲ್ಲ. ದಂಡೆಯಲ್ಲಿ ಮಳಗಂಗಾದೇವಿಯ ಗುಡಿ. ಬಗ್ಗಿ ನೋಡಿದ ಮೇಸ್ತ್ರಿ, ‘ಮೂಲಿನೇ ಇಲ್ಲ ನೋಡ್ರಿ ಇದಕ್ಕ. ಮೂಲಿ ಇದ್ದಲ್ಲೇ ನೀರು ಸೋರ್ತದ’ ಅಂದ. ಮರುದಿನ ಕೊಳದ ಗೋಡೆ, ತಳ ಕೂಡುವ ಮೂಲೆಗಳನ್ನೆಲ್ಲ ಗಾರೆಯಿಂದ ಉರುಟು ಮಾಡಿದ. ನಕ್ಷೆಯಲ್ಲೂ ಅದು ಇತ್ತು. ಆದರೆ ನಕ್ಷೆ ಹೇಳಿದ್ದಕ್ಕೆ ಮಾಡುವುದು ಬೇರೆ, ಕುಕಡಿ ಹೇಳಿದ್ದಕ್ಕೆ ಮಾಡುವುದು ಬೇರೆ.

ಆ ನೀರು ಹೋಗುವ ದಾರಿಯೂ ನೆನಪಾಯಿತು. ಕುಕಡಿ ಘೋಡವನ್ನು ಸೇರುತ್ತದೆ, ಘೋಡ ಭೀಮೆಯನ್ನು. ಭೀಮೆ ಉಜನಿ ಅಣೆಕಟ್ಟು ದಾಟಿ, ಪಂಢರಪುರ ಸುತ್ತಿ, ನಮ್ಮ ಕಡೆ ಇಳಿದು, ಗಾಣಗಾಪುರ, ಸನ್ನತಿ ಮುಟ್ಟಿ ಕೃಷ್ಣೆಗೆ ಕೂಡುತ್ತದೆ. ಶಹಾಬಾದಿನ ಕಾಗಿಣಾ ನದಿಯೂ ಕೊನೆಗೆ ಸೇರುವುದು ಭೀಮೆಯನ್ನೇ. ನೀರು ಆ ಕಡೆ ಇಳಿದರೆ ಕಲ್ಲು ಮತ್ತು ಕೈಗಳು ಈ ಕಡೆ ಏರಿ ಬರುತ್ತವೆ.

ಪರ್ಸಿ ಹಾಸುವುದು ನೋಡಲು ಸುಲಭ. ಕೊಳದ ಸುತ್ತ ಪಾಲಿಶ್ ಕಲ್ಲು ಬೇಡವೇ ಬೇಡ, ಒದ್ದೆ ಕಾಲು ಜಾರುತ್ತದೆ. ಪದರು ಎದ್ದ ಒರಟು ಮುಖವೇ ಮೇಲೆ ಬರಬೇಕು. ನೆಲ ಕೊಳದ ಕಡೆಗಲ್ಲ, ಹೊರಗಡೆಗೆ ಐವತ್ತಕ್ಕೆ ಒಂದರಂತೆ ಇಳಿಜಾರು ಇರಬೇಕು, ಇಲ್ಲದಿದ್ದರೆ ಹಿತ್ತಲ ಕೆಸರೆಲ್ಲ ನೀರಿಗೆ. ಎಲ್ಲಕ್ಕಿಂತ ಮುಖ್ಯ, ಕೊಳದ ಅಂಚಿಗೂ ಪರ್ಸಿಗೂ ನಡುವೆ ಬೆರಳಗಲ ಸಂದು ಬಿಟ್ಟು ರಬ್ಬರಿನಂಥ ಸೀಲಂಟ್ ತುಂಬಬೇಕು. ಎಷ್ಟು ಎರೆ ತೆಗೆದರೂ ಆಚೆ ಇರುವ ಎರೆ ಉಬ್ಬುತ್ತದೆ. ಉಬ್ಬಿದ ನೆಲ ಪರ್ಸಿಯನ್ನು ತಳ್ಳಿದರೂ ಪರ್ಸಿ ಕೊಳವನ್ನು ತಳ್ಳಬಾರದು. ಸುಣ್ಣಕಲ್ಲಿಗೆ ಹುಳಿ ಆಗದು. ನಿಂಬೆಹಣ್ಣಿನ ರಸ ಚೆಲ್ಲಿದರೂ ಬಿಳಿ ಕಲೆ. ಕೊಳದ ನೀರಿಗೆ ಹಾಕುವ ಆಸಿಡ್ ಡಬ್ಬಿಯನ್ನು ಪರ್ಸಿಯ ಮೇಲೆ ಇಡಲು ಮೇಸ್ತ್ರಿ ಈಗಲೂ ಬಿಡುವುದಿಲ್ಲ, ಫೋನಿನಲ್ಲಿ ವಿಚಾರಿಸುತ್ತಾನೆ.

ಜೂನ್ ಕೊನೆಗೆ ಮಳೆ ಹಿಡಿಯಿತು. ಮೊದಲ ಎರಡು ಮಳೆಯ ನೀರನ್ನು ತಾರಸಿ ತೊಳೆಯಲು ಬಿಟ್ಟೆವು, ಆಮೇಲಿನದು ಕೊಳಕ್ಕೆ. ಆಗಸ್ಟ್ ಮಧ್ಯಕ್ಕೆ ತುಂಬಿತು. ಸೋರುತ್ತದೆಯೇ ಎಂದು ತಿಳಿಯಲು ಸುಲಭದ ಉಪಾಯ ಇದೆ: ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟು ಕೊಳದ ನೀರಿನ ಮಟ್ಟಕ್ಕೇ ನೀರು ತುಂಬಿ, ಒಳಗೂ ಹೊರಗೂ ಗೆರೆ ಹಾಕುವುದು. ಮಳೆ ಬಾರದ ಮೂರು ದಿನ ಬಿಟ್ಟು ನೋಡಿದಾಗ ಎರಡೂ ಕಡೆ ಒಂದೇ ಅಳತೆ ಇಳಿದಿತ್ತು. ಅಂದರೆ ಆರಿದ್ದು, ಸೋರಿದ್ದಲ್ಲ. ಮೇಸ್ತ್ರಿ ಪೇಡೆ ತಂದ.

ನೆರೆಯ ಕಾಕಾ ನಮ್ಮ ಕೊಳಕ್ಕೆ ಕೊಟ್ಟ ಹೆಸರು ‘ತುಮಚಂ ಛೋಟಂ ಶೇತತಳಂ’. ನಮ್ಮ ಕೃಷಿಹೊಂಡವೇ ಇವರ ಶೇತತಳೆ. 2016ರಲ್ಲಿ ಕೇಳಿದವರಿಗೆಲ್ಲ ಶೇತತಳೆ ಎಂಬ ಸರ್ಕಾರಿ ಯೋಜನೆ ಬಂದ ಮೇಲೆ ತಾಲ್ಲೂಕಿನ ತುಂಬ ಕಪ್ಪು-ನೀಲಿ ಪ್ಲಾಸ್ಟಿಕ್ ಹಾಸಿದ ಹೊಂಡಗಳು. 30 ಮೀಟರ್ ಚೌಕದ, 3 ಮೀಟರ್ ಆಳದ ಒಂದು ಹೊಂಡ ಇಪ್ಪತ್ತು ಲಕ್ಷ ಲೀಟರ್ ದಾಟುತ್ತದೆ, ನಮ್ಮ ಕೊಳದ ನೂರು ಪಟ್ಟು. ಅದರಿಂದ ಬೇಸಿಗೆಯಲ್ಲಿ ಆರುವ ನೀರು ಮೂರೇ ದಿನಕ್ಕೆ ನಮ್ಮ ಇಡೀ ಕೊಳದಷ್ಟು. ಈ ಲೆಕ್ಕ ಹೇಳಿ ನನ್ನ ಮುಜುಗರ ಕಳೆದುಕೊಳ್ಳಬಹುದು, ಆದರೆ ಅವರ ಹೊಂಡದಿಂದ ಈರುಳ್ಳಿ ಬೆಳೆಯುತ್ತದೆ, ನನ್ನದರಿಂದ ಮೊಣಕಾಲು ಮಾತ್ರ. ಆ ಹೊಂಡಗಳ ಒಂದು ಕೆಟ್ಟ ಗುಣ ಅಂದರೆ ಪ್ಲಾಸ್ಟಿಕ್ಕಿನ ಇಳಿಜಾರು. ನೀರು ತಾಗಿ ಪಾಚಿ ಕಟ್ಟಿದ ಮೇಲೆ, ಜಾರಿ ಬಿದ್ದ ಮಗು ಹತ್ತಿ ಬರಲಾರದು, ಎತ್ತಲು ಹೋದವರೂ ಬರಲಾರರು. ಪ್ರತಿ ಬೇಸಿಗೆ ಮರಾಠಿ ಪತ್ರಿಕೆಗಳ ಒಳಪುಟದಲ್ಲಿ ಅಂಥ ಸುದ್ದಿ ಇರುತ್ತದೆ. ಅಂಚಿನಲ್ಲಿ ಗಂಟು ಹಾಕಿದ ಹಗ್ಗ ಮತ್ತು ಹಳೆಯ ಟೈರು ಕಟ್ಟಿಟ್ಟರೂ ಜೀವ ಉಳಿಯುತ್ತದೆ. ಕಾಕಾನ ಹೊಂಡಕ್ಕೆ ನಮ್ಮ ಮೇಸ್ತ್ರಿಯೇ ಹೋಗಿ ನಾಲ್ಕು ಕಡೆ ಕಟ್ಟಿ ಬಂದ.

ನಮ್ಮ ಕೊಳಕ್ಕೆ ನಾಲ್ಕಡಿ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು, ಚಿಲಕ ಮಕ್ಕಳ ಕೈಗೆ ಎಟುಕದಷ್ಟು ಮೇಲೆ. ಬೇಲಿಯ ಒಳಗೆ ಮಕ್ಕಳನ್ನು ಬಿಡುವುದೂ ಅಷ್ಟೇ ಮುಖ್ಯ ಎಂದು ನಿಧಾನಕ್ಕೆ ತೀರ್ಮಾನವಾಯಿತು. ಪುಣೆಯಿಂದ ಶನಿವಾರ, ಭಾನುವಾರ ಬರುವ ಒಬ್ಬ ಶಿಕ್ಷಕಿ ಮೊದಲು ನನಗೆ ಕಲಿಸಿದರು. ಮುಖ ಮುಳುಗಿಸಿ ಉಸಿರು ಬಿಡಲು ಎರಡು ವಾರ, ತೇಲಲು ಇನ್ನೆರಡು. ಮೂರನೆಯ ತಿಂಗಳಿಗೆ ಆರು ಮೀಟರ್ ಒಂದೇ ಉಸಿರಿಗೆ ದಾಟಿದೆ. ವಿಜಯಪುರಕ್ಕೆ ಫೋನ್ ಮಾಡಿ ಹೇಳಿದಾಗ ಅಣ್ಣ, ‘ಡಬ್ಬಿ ಇಲ್ಲದನ?’ ಎಂದು ಕೇಳಿದ. ಈಗ ಕಾಕಾನ ಇಬ್ಬರು ಮೊಮ್ಮಕ್ಕಳು, ಹಿಂದಿನ ಓಣಿಯ ಮೂವರು ಹುಡುಗಿಯರು, ಮೇಸ್ತ್ರಿ ಈ ಕಡೆ ಕೆಲಸಕ್ಕೆ ಬಂದಾಗ ಅವನ ಮಗಳು, ಇಷ್ಟು ಜನ ಬರುತ್ತಾರೆ. ಹುಡುಗರನ್ನು ಬೇಡ ಅಂದಿಲ್ಲ, ಸರದಿಯಲ್ಲಿ ಅವರು ಹಿಂದೆ. ಹೊತ್ತು ಬೆಳಿಗ್ಗೆ ಏಳರಿಂದ ಒಂಬತ್ತು. ಅದರಾಚೆ ಏಪ್ರಿಲ್ ಬಿಸಿಲಿಗೆ ಪರ್ಸಿ ಹಂಚಿನಂತೆ ಕಾಯುತ್ತದೆ, ಬರಿಗಾಲಿನಲ್ಲಿ ನಿಲ್ಲಲಾಗದು. ಮೇಲೆ ಹೊದಿಕೆಯನ್ನೂ ಎಳೆಯಬೇಕು.

ಈ ಬೇಸಿಗೆಗೆ ಟಾಕಿಯ ನೀರು ಮೇ 20ರವರೆಗೆ ಬಂತು. ಆಮೇಲೆ ಕೊಳ ಒಂದು ಗೇಣು ಇಳಿಯಿತು, ಹಾಗೆಯೇ ಬಿಟ್ಟೆವು, ಟ್ಯಾಂಕರ್ ಕರೆಯಲಿಲ್ಲ. ಆ ಕಡಿಮೆ ನೀರಿನ ದಿನಗಳಲ್ಲೇ ಒಂದು ಬೆಳಿಗ್ಗೆ ಕಾಕಾನ ಹೆಂಡತಿ, ಅರವತ್ತು ದಾಟಿದವರು, ಮೊಮ್ಮಗಳನ್ನು ಕರೆದೊಯ್ಯಲು ಬಂದು ಪರ್ಸಿಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಚಪ್ಪಲಿ ಬಿಟ್ಟರು. ಸೀರೆ ಎತ್ತಿ ಸಿಕ್ಕಿಸಿ ಒಂದು ಮೆಟ್ಟಿಲು ಇಳಿದರು, ಮತ್ತೊಂದು ಇಳಿದರು. ಎದೆಮಟ್ಟದ ನೀರಿನಲ್ಲಿ ಅಂಚು ಹಿಡಿದು ನಿಂತು, ಕೆಳಗೆ ಕಾಲಾಡಿಸಿ ನೋಡಿ, ‘ಇಥಂ ಪಾಯ ಟೇಕತಾತ ಕೀ!’ ಅಂದರು. ಇಲ್ಲಿ ನೆಲಕ್ಕೆ ಕಾಲು ತಾಗುತ್ತದಲ್ಲ! ಹಾಗೆಯೇ ಅಂಚು ಬಿಡದೆ, ಒಂದು ಕೈ ಕಲ್ಲಿನ ಮೇಲಿಟ್ಟುಕೊಂಡು, ಕೊಳದ ಆಚೆ ತುದಿಯವರೆಗೆ ನಡೆದು ಹೋದರು.